ಮಗುವಿನ ತಲೆಯೂ ನೋಡುವವರ ಕಣ್ಣೂ

ನಿಮ್ಮ ಮನೆಯಲ್ಲಿ ಹಸುಗೂಸಿದ್ದರೆ ಒಮ್ಮೆ ಅದರ ತಲೆಯ ಹಿಂಭಾಗವನ್ನು ಅಂಗೈಯಿಂದ ಮೆಲ್ಲಗೆ ಸವರಿ ನೋಡಿ. ಗುಂಡಗಿದೆಯೇ? ಒಂದು ಬದಿ ಚಪ್ಪಟೆಯಾಗಿದೆಯೇ? ಹೆಚ್ಚಿನ ತಂದೆತಾಯಂದಿರು ಇದನ್ನು ಗಮನಿಸಿರುವುದಿಲ್ಲ. ಗಮನಿಸಿದವರು ಒಂದೋ ನಕ್ಕು ಸುಮ್ಮನಾಗುತ್ತಾರೆ, ಇಲ್ಲವೇ ನಿದ್ದೆಗೆಡುತ್ತಾರೆ. ಈ ಎರಡರ ನಡುವೆ ಒಬ್ಬ ಸತ್ಯವಿಶ್ವಾಸಿಗೆ ಯೋಗ್ಯವಾದ ದಾರಿ ಯಾವುದು ಎಂಬುದೇ ಈ ಲೇಖನದ ವಿಷಯ. ಇದು ತೀರಾ ಚಿಕ್ಕ ವಿಷಯವೆಂದು ನಿಮಗೆ ಅನಿಸಬಹುದು. ಆದರೆ ತನ್ನ ಪರವಾಗಿ ಒಂದು ಮಾತನ್ನೂ ಆಡಲಾರದ ಜೀವದ ಶರೀರದ ಕುರಿತು ನಾವು ತೀರ್ಮಾನ ಕೈಗೊಳ್ಳುವಾಗ ಅದನ್ನು ನಿಜವಾಗಿ ಯಾರ ಸಲುವಾಗಿ ಕೈಗೊಳ್ಳುತ್ತೇವೆ ಎಂಬ ದೊಡ್ಡ ಪ್ರಶ್ನೆ ಇದರೊಳಗೆ ಅಡಗಿದೆ.

ಅಕೀಕಾದ ದಿನ

ನನ್ನ ತಂಗಿಯ ಮಗಳು 2022ರ ಆರಂಭದಲ್ಲಿ, ದಿನ ತುಂಬುವ ಮೊದಲೇ, 34ನೇ ವಾರದಲ್ಲಿ ಹುಟ್ಟಿದಳು. ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಹಾಗಾಗಿ ಏಳನೆಯ ದಿನ ಆಗಬೇಕಿದ್ದ ಅಕೀಕಾವನ್ನು ಮುಂದೂಡಿ, ಮಗು ಸ್ವಲ್ಪ ಮೈತುಂಬಿಕೊಂಡ ಮೇಲೆ ಮೂರನೆಯ ತಿಂಗಳಲ್ಲಿ ನಮ್ಮ ಊರಿನ ಮನೆಯಲ್ಲಿ ನೆರವೇರಿಸಿದೆವು. ಅಂದು ತಲೆಗೂದಲು ತೆಗೆದಾಗ ಎಲ್ಲರ ಕಣ್ಣಿಗೂ ಬಿತ್ತು. ತಲೆಯ ಹಿಂಬದಿಯ ಬಲಭಾಗ ಹಲಗೆಗೆ ಒತ್ತಿದಂತೆ ಚಪ್ಪಟೆಯಾಗಿತ್ತು. ಬಲಗಿವಿ ಎಡಗಿವಿಗಿಂತ ತುಸು ಮುಂದೆ ಸರಿದಂತೆ ಕಾಣುತ್ತಿತ್ತು. ಕೂದಲಿನ ತೂಕದ ಬೆಳ್ಳಿಗೆ ಎಷ್ಟು ದಾನ ಕೊಡಬೇಕೆಂದು ಲೆಕ್ಕ ಹಾಕುತ್ತಿದ್ದ ನಾನು ತಲೆಯೆತ್ತಿ ನೋಡಿದೆ. ತಂಗಿಯ ಮುಖ ಬಾಡಿಹೋಗಿತ್ತು.

ಬಂದಿದ್ದ ಹೆಂಗಸರಲ್ಲಿ ಒಬ್ಬರು, "ಹೆಣ್ಣು ಮಗು, ನಾಳೆ ಮದುವೆಯಾಗಬೇಕಾದವಳು. ಈಗಲೇ ಏನಾದರೂ ಮಾಡಿಸಿ" ಎಂದರು. ಇನ್ನೊಬ್ಬರು, "ಹೆಣ್ಣು ಮಗು ತಾನೇ? ನಾಳೆ ತಲೆಯ ಮೇಲೆ ದುಪಟ್ಟಾ ಇರುತ್ತೆ. ಯಾರಿಗೆ ಕಾಣುತ್ತೆ? ಸುಮ್ಮನಿರಿ" ಎಂದರು. ತಂಗಿಯ ಅತ್ತೆ ಸಾಸಿವೆ ತುಂಬಿದ ದಿಂಬು ಹೊಲಿಸುವ ಮಾತೆತ್ತಿದರು. ಮಗುವಿಗೆ ಎರೆಯಲು ಬರುತ್ತಿದ್ದ ಅಜ್ಜಿ, ದಿನಾ ಎಣ್ಣೆ ಹಚ್ಚಿ ಒತ್ತಿ ಗುಂಡಗೆ ಮಾಡಿಕೊಡುತ್ತೇನೆಂದು ಧೈರ್ಯ ಹೇಳಿದರು. ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಮದ್ರಸದಲ್ಲಿ ಪಾಠ ಹೇಳುವವನು. ಇಂತಹ ಹೊತ್ತಿನಲ್ಲಿ ನಾನೊಂದು ಮಾತು ಹೇಳಲೇಬೇಕು ಎಂಬುದು ರೂಢಿ. "ಅಲ್ಲಾಹನು ಕೊಟ್ಟ ರೂಪ. ಸಬರ್ ಮಾಡಮ್ಮಾ, ಏನೂ ಆಗೋದಿಲ್ಲ" ಎಂದುಬಿಟ್ಟೆ.

ಆ ಮಾತು ಎಷ್ಟು ಸಲೀಸಾಗಿ ನನ್ನ ಬಾಯಿಂದ ಬಂತೆಂದು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ನಾನು ಮಗುವನ್ನು ಎತ್ತಿಕೊಂಡು ನೋಡಿರಲಿಲ್ಲ. ತಾಯಿಯೊಡನೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಧರ್ಮದ ಒಂದು ದೊಡ್ಡ ಪದವನ್ನು ತೆಗೆದು ಒಬ್ಬ ತಾಯಿಯ ಬಾಯಿ ಮುಚ್ಚಿಸಿದ್ದೆ, ಅಷ್ಟೆ.

ತಂಗಿ ಅಂದು ಏನೂ ಉತ್ತರಿಸಲಿಲ್ಲ. ಬೆಂಗಳೂರಿಗೆ ಮರಳಿದ ಮೇಲೆ ಮಗುವನ್ನು ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ದಳು. ಮಗು ಐದನೆಯ ತಿಂಗಳಿಗೆ ಕಾಲಿಟ್ಟಾಗ ಒಬ್ಬ ತಜ್ಞರು ತಲೆಯ ಆಕಾರ ತಿದ್ದುವ ಹೆಲ್ಮೆಟ್ಟಿನ ವಿಷಯ ಹೇಳಿದರು. ಅದಕ್ಕೆ ಲಕ್ಷದ ಲೆಕ್ಕದಲ್ಲಿ ಹಣ ಬೇಕಿತ್ತು. ತೊಡಿಸುವುದಾದರೆ ಕೆಲವೇ ವಾರಗಳಲ್ಲಿ ತೀರ್ಮಾನಿಸಬೇಕು, ತಡವಾದಷ್ಟೂ ಫಲ ಕಡಿಮೆ ಎಂದಿದ್ದರು. ಅಂದು ರಾತ್ರಿ ತಂಗಿ ನನಗೆ ಫೋನು ಮಾಡಿದಳು. "ಭಾಯಿಜಾನ್, ನೀವು ಸಬರ್ ಮಾಡು ಅಂದಿರಿ. ಸಬರ್ ಮಾಡಬೇಕಾದದ್ದು ಕೈಲಾದದ್ದನ್ನೆಲ್ಲ ಮಾಡಿದ ಮೇಲೋ, ಮಾಡುವುದಕ್ಕೆ ಮೊದಲೋ?"

ನನ್ನಲ್ಲಿ ಉತ್ತರವಿರಲಿಲ್ಲ. ಒಂಟೆಯನ್ನು ಕಟ್ಟಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡುವಂತೆ ಪ್ರವಾದಿವರ್ಯರು(ಸ) ಕಲಿಸಿದ ಪಾಠವನ್ನು ಪ್ರತಿವರ್ಷ ಮಕ್ಕಳಿಗೆ ಹೇಳಿಕೊಡುವವನು ನಾನೇ.

ತಲೆ ಚಪ್ಪಟೆಯಾಗುವುದೇಕೆ?

ತಂಗಿಯ ಪ್ರಶ್ನೆ ನನ್ನನ್ನು ಓದಲು ಹಚ್ಚಿತು. ಬಲ್ಲವರನ್ನು ಕೇಳಿ, ಓದಿ ತಿಳಿದದ್ದನ್ನು ಸಂಕ್ಷೇಪವಾಗಿ ನಿಮ್ಮ ಮುಂದಿಡುತ್ತೇನೆ. ಯಾಕೆಂದರೆ ವಿಷಯವನ್ನು ಸರಿಯಾಗಿ ಅರಿಯದೆ ಅದರ ಧರ್ಮಾಧರ್ಮವನ್ನು ವಿಚಾರಿಸಲಾಗದು.

ಹುಟ್ಟಿದ ಮಗುವಿನ ತಲೆಬುರುಡೆ ಒಂದೇ ಗಟ್ಟಿ ಮೂಳೆಯಲ್ಲ. ಹಲವು ತೆಳುವಾದ ಮೂಳೆಗಳು ಮೆತ್ತನೆಯ ಸಂದುಗಳಿಂದ ಕೂಡಿಕೊಂಡಿರುತ್ತವೆ. ನೆತ್ತಿಯ ಮೇಲೆ ಮಿಡಿಯುವ ಮೆದು ಜಾಗ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್. ವರ್ಷ ತುಂಬುವಾಗ ಅದು ಸುಮಾರು 46 ಸೆಂಟಿಮೀಟರ್ ಆಗಿರುತ್ತದೆ. ಒಳಗೆ ಮೆದುಳು ಇಷ್ಟು ವೇಗವಾಗಿ ಬೆಳೆಯುವಾಗ ಹೊರಗಿನ ಬುರುಡೆಯೂ ಅದಕ್ಕೆ ಜಾಗ ಕೊಡಬೇಕಲ್ಲವೇ? ಸೃಷ್ಟಿಕರ್ತನು ಅದಕ್ಕೆಂದೇ ಮಾಡಿರುವ ಏರ್ಪಾಡು ಈ ಮೃದುತ್ವ. ಆದರೆ ಹಸಿ ಮಡಕೆಯನ್ನು ಒಂದೇ ಮಗ್ಗುಲಲ್ಲಿ ಇಟ್ಟರೆ ಆ ಮಗ್ಗುಲು ತಗ್ಗುವಂತೆ, ಮಗು ಸದಾ ಒಂದೇ ಬದಿಗೆ ತಲೆಯಿಟ್ಟು ಮಲಗಿದರೆ ಆ ಬದಿ ಚಪ್ಪಟೆಯಾಗುತ್ತದೆ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಬುರುಡೆ ಇನ್ನೂ ಮೆದುವಾಗಿರುವುದರಿಂದ ಇದು ಹೆಚ್ಚು. ಕುತ್ತಿಗೆಯ ಒಂದು ಬದಿಯ ಸ್ನಾಯು ಬಿಗಿದುಕೊಂಡಿದ್ದರೆ ಮಗುವಿಗೆ ಇನ್ನೊಂದು ಕಡೆ ತಿರುಗಲು ಆಗುವುದೇ ಇಲ್ಲ.

ಇಂತಹ ತಲೆಗಳ ಸಂಖ್ಯೆ ಹೆಚ್ಚಿದುದರ ಹಿಂದೆ ಒಂದು ಒಳ್ಳೆಯ ಕಾರಣವೇ ಇದೆ. ಮಲಗಿದ್ದಲ್ಲೇ ಹಸುಗೂಸುಗಳು ಕಾರಣ ತಿಳಿಯದೆ ಸಾವಿಗೀಡಾಗುವುದನ್ನು ತಡೆಯಲು, ಮಕ್ಕಳನ್ನು ಕವುಚಿ ಮಲಗಿಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 1992ರಲ್ಲಿ ಸಲಹೆ ನೀಡಿತು. ಬೆನ್ನ ಮೇಲೆ ಮಲಗಿಸಿ ಎಂಬ ಪ್ರಚಾರ ಅಲ್ಲಿ 1994ರಲ್ಲಿ ದೇಶವ್ಯಾಪಿಯಾಯಿತು. ಮುಂದಿನ ವರ್ಷಗಳಲ್ಲಿ ಅಂತಹ ಸಾವುಗಳು ಅರ್ಧಕ್ಕಿಂತಲೂ ಕಡಿಮೆಯಾದವು. ಅದರೊಂದಿಗೆ ಹಿಂಬದಿ ಚಪ್ಪಟೆಯಾದ ತಲೆಗಳೂ ವೈದ್ಯರ ಬಳಿ ಹೆಚ್ಚು ಹೆಚ್ಚು ಬರತೊಡಗಿದವು. ಆದ್ದರಿಂದ ಈ ಲೇಖನ ಓದಿದ ಯಾರೂ ತಲೆ ಗುಂಡಗಾಗಲೆಂದು ಮಗುವನ್ನು ಕವುಚಿ ಮಲಗಿಸುವ ತಪ್ಪು ಮಾಡಬಾರದು. ಆಕಾರಕ್ಕಾಗಿ ಪ್ರಾಣವನ್ನು ಪಣಕ್ಕೊಡ್ಡುವ ವ್ಯಾಪಾರ ಅದು. ಮಗು ಎಚ್ಚರವಾಗಿದ್ದಾಗ, ಹಿರಿಯರ ಕಣ್ಣೆದುರಿನಲ್ಲಿ, ಹೊಟ್ಟೆಯ ಮೇಲೆ ಮಲಗಿಸಿ ಆಡಿಸುವುದು ಬೇರೆ ಮಾತು. ಅದನ್ನು ವೈದ್ಯರೇ ಹೇಳುತ್ತಾರೆ.

ಸಾಸಿವೆ ದಿಂಬಿನ ಬಗ್ಗೆಯೂ ಒಂದು ಮಾತು. ಮಲಗಿದ ಹಸುಗೂಸಿನ ಬಳಿ ಯಾವ ದಿಂಬೂ ಇರಬಾರದೆಂಬುದು ಇಂದಿನ ವೈದ್ಯರ ಮಾತು, ಉಸಿರುಗಟ್ಟುವ ಅಪಾಯವಿದೆ. ತಲೆಯ ಆಕಾರ ಸರಿಪಡಿಸುವುದೆಂದು ಮಾರುವ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರ ನವೆಂಬರಿನಲ್ಲಿ ಎಚ್ಚರಿಕೆ ನೀಡಿತು. ನಮ್ಮ ಅಜ್ಜಿಯರ ಪ್ರೀತಿ ದೊಡ್ಡದು; ಆದರೆ ಪ್ರೀತಿಯೊಂದೇ ಔಷಧವಾಗುವುದಿಲ್ಲ. ಎಣ್ಣೆ ಹಚ್ಚಿ ಮೆಲ್ಲಗೆ ಸವರುವುದರಿಂದ ಮಗುವಿಗೆ ಹಿತವಾದೀತು. ಮೂಳೆಯನ್ನು ಒತ್ತಿ ತಿದ್ದುವುದು ಮಾತ್ರ ಸಲ್ಲದು.

ಇನ್ನೊಂದು ಮುಖ್ಯ ಸಂಗತಿ. ಸುಮಾರು ಎರಡು, ಎರಡೂವರೆ ಸಾವಿರ ಮಕ್ಕಳಲ್ಲಿ ಒಂದಕ್ಕೆ ಬುರುಡೆಯ ಸಂದುಗಳು ಕಾಲಕ್ಕೆ ಮೊದಲೇ ಬೆಸೆದುಕೊಳ್ಳುವ ತೊಂದರೆ ಇರುತ್ತದೆ. ಅಲ್ಲಿಯೂ ತಲೆಯ ಆಕಾರ ಕೆಡುತ್ತದೆ. ಆದರೆ ಅದು ಮಲಗಿ ಬಂದದ್ದಲ್ಲ, ಮಲಗಿಸುವ ಬದಿ ಬದಲಿಸಿದರೆ ಹೋಗುವುದೂ ಇಲ್ಲ. ಹಲವು ವೇಳೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಎರಡನ್ನೂ ಬೇರ್ಪಡಿಸಿ ಹೇಳಬಲ್ಲವರು ವೈದ್ಯರೇ ಹೊರತು ನೆರೆಮನೆಯವರಲ್ಲ, ಮದ್ರಸದ ಗುರುಗಳೂ ಅಲ್ಲ. ಪರೀಕ್ಷೆಗೆ ಮೊದಲೇ "ಏನೂ ಆಗೋದಿಲ್ಲ" ಎಂದ ನನ್ನ ಮಾತು ಎಷ್ಟು ಹಗುರವಾಗಿತ್ತೆಂದು ಇದರಿಂದ ತಿಳಿಯುತ್ತದೆ.

ಹೆಲ್ಮೆಟ್ ಏನು ಮಾಡುತ್ತದೆ?

ದ್ವಿಚಕ್ರ ವಾಹನದವರು ಹಾಕುವಂತಹ ಹೆಲ್ಮೆಟ್ ಇದಲ್ಲ. ಮಗುವಿನ ತಲೆಯ ಅಳತೆ ತೆಗೆದು, ಆ ಮಗುವಿಗೆಂದೇ ಮಾಡಿಸಿದ ಹಗುರ ಕವಚ. ಉಬ್ಬಿದ ಕಡೆ ತಲೆಗೆ ತಾಗಿಕೊಂಡು, ಚಪ್ಪಟೆಯಾದ ಕಡೆ ಜಾಗ ಬಿಟ್ಟಿರುತ್ತದೆ. ತಲೆ ಬೆಳೆಯುವಾಗ ಖಾಲಿ ಬಿಟ್ಟ ಕಡೆಗೆ ಬೆಳೆಯಲಿ ಎಂಬುದೇ ಅದರ ತತ್ವ. ಈ ವಿಧಾನವನ್ನು ಅಮೆರಿಕದ ವೈದ್ಯರು 1979ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದ್ದರು. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ನಡುವೆ ತೊಡಿಸಿ, ದಿನದ 23 ಗಂಟೆ, ಕೆಲವು ತಿಂಗಳ ಕಾಲ ಇಡಬೇಕು. ವರ್ಷ ದಾಟಿದ ಮೇಲೆ ಬೆಳವಣಿಗೆ ನಿಧಾನವಾಗುವುದರಿಂದ ಪ್ರಯೋಜನ ತೀರಾ ಕಡಿಮೆ.

ಫಲವೇನು? ನೆದರ್ಲೆಂಡ್ಸಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೆಸರುವಾಸಿಯಾಗಿದೆ. ಐದಾರು ತಿಂಗಳ 84 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆರು ತಿಂಗಳು ಹೆಲ್ಮೆಟ್ ಹಾಕಿ, ಇನ್ನೊಂದನ್ನು ಹಾಗೆಯೇ ಬೆಳೆಯಲು ಬಿಟ್ಟರು. ಎರಡು ವರ್ಷ ತುಂಬಿದಾಗ ಅಳೆದು ನೋಡಿದರೆ, ಹೆಲ್ಮೆಟ್ ಹಾಕಿದವರಲ್ಲಿ 39ರಲ್ಲಿ 10 ಮಕ್ಕಳ ತಲೆಯೂ ಹಾಕದವರಲ್ಲಿ 40ರಲ್ಲಿ 9 ಮಕ್ಕಳ ತಲೆಯೂ ಪೂರ್ಣ ಸರಿಯಾಗಿತ್ತು. ಹೆಚ್ಚು ಕಡಿಮೆ ಒಂದೇ. ಹೆಲ್ಮೆಟ್ ತೊಡಿಸಿದ ತಂದೆತಾಯಂದಿರೆಲ್ಲರೂ ಒಂದಲ್ಲ ಒಂದು ತೊಂದರೆ ಹೇಳಿದರು: ಚರ್ಮ ಕೆಂಪಾಗುವುದು, ಬೆವರು, ದುರ್ವಾಸನೆ. ಮಗುವನ್ನು ಮುದ್ದಿಸಲು ಅದು ಅಡ್ಡಿಯಾಗುತ್ತದೆಂದು ನೂರಕ್ಕೆ 77ರಷ್ಟು ಮಂದಿ ಹೇಳಿದರು.

ಇದನ್ನು ಓದಿದೊಡನೆ ತಂಗಿಗೆ ಫೋನು ಮಾಡಿ "ನೋಡು, ನಾನು ಹೇಳಲಿಲ್ಲವೇ" ಎನ್ನಬೇಕೆಂದು ನನ್ನ ಕೈ ತುಡಿಯಿತು. ಆದರೆ ಪೂರ್ತಿ ಓದಿದಾಗ ಗೊತ್ತಾದದ್ದು ಬೇರೆ. ಆ ಅಧ್ಯಯನದಲ್ಲಿ ತೀರಾ ತೀವ್ರವಾಗಿ ತಲೆ ಚಪ್ಪಟೆಯಾದ ಮಕ್ಕಳನ್ನು ಸೇರಿಸಿರಲಿಲ್ಲ. 36 ವಾರಕ್ಕೆ ಮೊದಲೇ ಹುಟ್ಟಿದವರನ್ನೂ ಕುತ್ತಿಗೆ ಬಿಗಿದ ಮಕ್ಕಳನ್ನೂ ಬಿಟ್ಟಿದ್ದರು. ನಮ್ಮ ಮಗು ಹುಟ್ಟಿದ್ದು 34ನೇ ವಾರದಲ್ಲಿ! ಹೆಲ್ಮೆಟ್ಟುಗಳು ತಲೆಗೆ ಸರಿಯಾಗಿ ಕೂರುತ್ತಿರಲಿಲ್ಲ ಎಂಬ ಆಕ್ಷೇಪವೂ ಬಂದಿತ್ತು. ಅಮೆರಿಕದ ನರಶಸ್ತ್ರವೈದ್ಯರ ಸಂಘಟನೆ 2016ರಲ್ಲಿ ನೀಡಿದ ಮಾರ್ಗದರ್ಶನವು, ಮಲಗಿಸುವ ಬದಿ ಬದಲಿಸಿ ವ್ಯಾಯಾಮ ಮಾಡಿಸಿದ ಮೇಲೂ ಉಳಿಯುವ ಸಾಧಾರಣದಿಂದ ತೀವ್ರ ಮಟ್ಟದ ಚಪ್ಪಟೆತನಕ್ಕೆ ಹೆಲ್ಮೆಟ್ಟನ್ನು ಶಿಫಾರಸು ಮಾಡುತ್ತದೆ. ಅಂದರೆ ಎಲ್ಲ ಮಕ್ಕಳಿಗೂ ಒಂದೇ ಉತ್ತರವಿಲ್ಲ. ನಮಗೆ ಬೇಕಾದ ಅರ್ಧವನ್ನು ಮಾತ್ರ ಆರಿಸಿ ಹೇಳುವುದು ಸುಳ್ಳಿಗೆ ತೀರಾ ದೂರದ್ದಲ್ಲ.

ಇದು ಸೃಷ್ಟಿಯನ್ನು ಬದಲಿಸುವುದೇ?

ಈಗ ಧರ್ಮದ ಪ್ರಶ್ನೆಗೆ ಬರೋಣ. ಅಲ್ಲಾಹನ ಸೃಷ್ಟಿಯನ್ನು ವಿಕೃತಗೊಳಿಸುವಂತೆ ಮನುಷ್ಯರನ್ನು ಪ್ರೇರೇಪಿಸುವೆನೆಂದು ಶೈತಾನನು ಹೇಳಿದ ಪ್ರಸ್ತಾಪ ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 119ನೇ ಸೂಕ್ತದಲ್ಲಿದೆ. ಸೌಂದರ್ಯಕ್ಕಾಗಿ ಹಲ್ಲುಗಳ ನಡುವೆ ಸಂದು ಕೊರೆಸಿಕೊಳ್ಳುವವರನ್ನು ಖಂಡಿಸುವ ಹದೀಸ್ ಕೂಡಾ ಇದೆ. ಇವುಗಳ ಆಧಾರದಲ್ಲಿ ಹೆಲ್ಮೆಟ್ ಹಾಕಿಸುವುದೇ ನಿಷಿದ್ಧವೆಂದು ವಾದಿಸುವವರು ನಮ್ಮಲ್ಲಿ ಸಿಗುತ್ತಾರೆ.

ಆದರೆ ಅರ್ಫಜ(ರ) ಅವರ ಘಟನೆಯನ್ನು ನೋಡಿರಿ. ಕುಲಾಬ್ ಯುದ್ಧದಲ್ಲಿ ಅವರ ಮೂಗು ತುಂಡಾಗಿತ್ತು. ಬೆಳ್ಳಿಯ ಮೂಗು ಮಾಡಿಸಿಕೊಂಡರು; ಅದು ದುರ್ನಾತ ಬೀರತೊಡಗಿತು. ಆಗ ಚಿನ್ನದ ಮೂಗು ಮಾಡಿಸಿಕೊಳ್ಳುವಂತೆ ಪ್ರವಾದಿವರ್ಯರು(ಸ) ಅವರಿಗೆ ಸೂಚಿಸಿದರು. ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿ ಇದು ವರದಿಯಾಗಿದೆ. ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದೂ ಇಲ್ಲಿ ಅನುಮತಿ ದೊರೆಯಿತೆಂಬುದು ಗಮನಾರ್ಹ. ಹಲ್ಲಿನ ಕುರಿತಾದ ಹದೀಸನ್ನು ವಿವರಿಸುವಾಗ ಇಮಾಮ್ ನವವಿಯವರು, ಸೌಂದರ್ಯಕ್ಕಾಗಿ ಎಂಬ ಮಾತಿಗೆ ಒತ್ತು ಕೊಟ್ಟು, ಚಿಕಿತ್ಸೆಗಾಗಿ ಅಥವಾ ದೋಷ ನಿವಾರಣೆಗಾಗಿ ಮಾಡಿದರೆ ಅಡ್ಡಿಯಿಲ್ಲವೆಂದು ಹೇಳಿದ್ದಾರೆ. ಮಲಗಿದ್ದರಿಂದ ಬಂದ ಚಪ್ಪಟೆತನವನ್ನು ತಿದ್ದುವುದು ಮೂಲ ರೂಪಕ್ಕೆ ಮರಳಿಸುವ ಪ್ರಯತ್ನವೇ ಹೊರತು ಸೃಷ್ಟಿಯ ಮೇಲೆ ಕೈಮಾಡುವುದಲ್ಲ. ಇಲ್ಲಿ ಕೊಯ್ಯುವುದೂ ಇಲ್ಲ, ಕೊರೆಯುವುದೂ ಇಲ್ಲ. ಆದ್ದರಿಂದ ಅಗತ್ಯವಿರುವಲ್ಲಿ ಇದು ಧರ್ಮಸಮ್ಮತವೆಂದು ತಿಳಿಯಲು ನನಗೆ ಯಾವ ಸಂದೇಹವೂ ಉಳಿದಿಲ್ಲ.

ಆದರೆ ಓದುಗರೇ, ಧರ್ಮಸಮ್ಮತ ಎಂದಾಕ್ಷಣ ಪ್ರಶ್ನೆ ಮುಗಿಯಿತೆಂದು ತಿಳಿಯಬೇಡಿ. ನಿಜವಾದ ಪ್ರಶ್ನೆ ಆರಂಭವಾಗುವುದೇ ಅಲ್ಲಿಂದ. ಮಾಡಬಹುದಾದ ಕೆಲಸವನ್ನು ಮಾಡಬೇಕೇ, ಯಾರ ಸಲುವಾಗಿ ಮಾಡಬೇಕು?

ಯಾರ ಸಲುವಾಗಿ?

ಅಕೀಕಾದ ದಿನ ಆ ಇಬ್ಬರು ಹೆಂಗಸರು ಹೇಳಿದ ಮಾತನ್ನು ಮತ್ತೆ ನೆನಪಿಸಿಕೊಳ್ಳಿ. ಮದುವೆಯಾಗಬೇಕಾದವಳು, ಏನಾದರೂ ಮಾಡಿಸಿ ಎಂದರು ಒಬ್ಬರು. ದುಪಟ್ಟಾದೊಳಗೆ ಕಾಣುವುದಿಲ್ಲ, ಏನೂ ಮಾಡಿಸಬೇಡಿ ಎಂದರು ಇನ್ನೊಬ್ಬರು. ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ. ಆದರೆ ಇಬ್ಬರೂ ಕೂಡಿ ಒಂದೇ ಮಾತು ಹೇಳಿದ್ದರು: ಈ ಮಗುವಿನ ತಲೆಗೆ ಬೆಲೆ ಕಟ್ಟಬೇಕಾದವರು ನೋಡುವವರು. ಕಂಡರೆ ತಿದ್ದಬೇಕು, ಕಾಣದಿದ್ದರೆ ಬಿಡಬೇಕು. ತೊಟ್ಟಿಲಲ್ಲಿ ಮಲಗಿದ್ದ ಮಗುವಿನ ಬಗ್ಗೆ ಇಬ್ಬರೂ ಒಂದು ಮಾತನ್ನೂ ಆಡಿರಲಿಲ್ಲ. ನಾನೂ ಆಡಿರಲಿಲ್ಲ. ತಲೆಗೆ ವಸ್ತ್ರ ಹೊದೆಯುವುದು ಆರಾಧನೆಯ ಭಾಗ; ಅದನ್ನು ದೋಷ ಮುಚ್ಚುವ ಬಟ್ಟೆಯೆಂದು ಹೇಳಿದಾಗ ನಾನು ತಿದ್ದಲೂ ಇಲ್ಲ. ಇದೇ ಗಂಡು ಮಗುವಾಗಿದ್ದರೆ ಮದುವೆಯ ಮಾತು ಬರುತ್ತಿತ್ತೇ? ಮೂರು ತಿಂಗಳ ಕೂಸನ್ನು ಮದುವೆ ಮಾರುಕಟ್ಟೆಯ ತಕ್ಕಡಿಯಲ್ಲಿಟ್ಟು ತೂಗುವ ಸಮಾಜ ನಮ್ಮದು. ಅಲ್ಲಾಹನು ನಮ್ಮ ರೂಪವನ್ನಾಗಲಿ ಸಂಪತ್ತನ್ನಾಗಲಿ ನೋಡುವುದಿಲ್ಲ, ಹೃದಯವನ್ನೂ ಕರ್ಮವನ್ನೂ ನೋಡುತ್ತಾನೆ ಎಂಬ ಪ್ರವಾದಿ ವಚನವನ್ನು ನಾವು ಭಾಷಣದಲ್ಲಿ ಹೇಳುತ್ತೇವೆ. ತೊಟ್ಟಿಲ ಬಳಿ ಮರೆಯುತ್ತೇವೆ.

ಮಗು ತಂದೆತಾಯಿಗೆ ಅಲ್ಲಾಹನು ವಹಿಸಿಕೊಟ್ಟ ಅಮಾನತ್ತು. ಅಮಾನತ್ತಿನ ನಿಯಮ ನಿಮಗೆ ಗೊತ್ತಿದೆ. ಅದನ್ನು ಇಟ್ಟುಕೊಂಡವನು ತನ್ನ ಮೆಚ್ಚಿಗೆಗಾಗಿ ಬಳಸುವಂತಿಲ್ಲ. ಕೆಡಲು ಬಿಡುವಂತೆಯೂ ಇಲ್ಲ. ಹೆಲ್ಮೆಟ್ಟಿನ ಸೆಖೆ, ಬೆವರು, ತುರಿಕೆ ಅನುಭವಿಸುವುದು ತಾಯಿಯಲ್ಲ, ಮಾತು ಬಾರದ ಮಗು. ಹಾಕಿಸದಿದ್ದರೆ ಮುಂದೆ ಶಾಲೆಯಲ್ಲಿ ಮಾತು ಕೇಳಬೇಕಾದುದೂ ನಾವಲ್ಲ, ಅದೇ ಮಗು. ಕಷ್ಟ ಎರಡೂ ಕಡೆ ಮಗುವಿನದೇ ಆಗಿರುವಾಗ ತೀರ್ಮಾನವೂ ಮಗುವಿನ ಹಿತದಿಂದಲೇ ಹುಟ್ಟಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು: "ಮಗು ನಾಳೆ ಇದೇ ಜನರ ನಡುವೆ ಬಾಳಬೇಕಲ್ಲವೇ? ಜನರ ಕಣ್ಣು ಮಗುವಿನ ಹಿತಕ್ಕೆ ಸಂಬಂಧವಿಲ್ಲದ ವಿಷಯವೇ?" ಮಾತು ನ್ಯಾಯವಾದದ್ದು. ನೋಟದಿಂದ ಮಗುವಿಗಾಗುವ ನೋವು ನಿಜವೇ. ಆದರೆ ಮಗುವಿಗೆ ಮುಂದೆ ಆಗಬಹುದಾದ ನೋವು ಬೇರೆ, ನಮಗೆ ಈಗ ಆಗುತ್ತಿರುವ ಮುಜುಗರ ಬೇರೆ. ಎರಡೂ ಒಂದೇ ಬಟ್ಟೆ ತೊಟ್ಟು ಬರುತ್ತವೆ. ಬೇರ್ಪಡಿಸುವ ಒಂದು ದಾರಿ ನನಗೆ ತೋಚಿದೆ. ಹಾಕಿಸಿದರೂ ಹಾಕಿಸದಿದ್ದರೂ ನಮ್ಮನ್ನು ಯಾರೂ ಹೊಗಳುವುದಿಲ್ಲ, ತೆಗಳುವುದಿಲ್ಲ, ಯಾರಿಗೂ ತಿಳಿಯುವುದೂ ಇಲ್ಲ ಎಂದಿಟ್ಟುಕೊಳ್ಳಿ. ಆಗ ನಾವು ಏನನ್ನು ಆರಿಸುತ್ತೇವೆ? ಆ ಉತ್ತರವೇ ಬಹುಮಟ್ಟಿಗೆ ಮಗುವಿನ ಪರವಾದ ಉತ್ತರ.

ಹಣದ ಪ್ರಶ್ನೆಯೂ ಇತ್ತು. ತಂಗಿಯ ಗಂಡನಿಗೆ ಒಂದೇ ಸಲಕ್ಕೆ ಅಷ್ಟು ಹಣ ಹೊಂದಿಸಲಾಗದೆ ಬಡ್ಡಿ ಸಾಲದ ಯೋಚನೆ ಬಂದಿತ್ತು. ಪ್ರಾಣಾಪಾಯದ ಹೊತ್ತಿಗೆ ಶರೀಅತ್ ಕೊಡುವ ರಿಯಾಯಿತಿಯನ್ನು ಎಲ್ಲ ಅಗತ್ಯಗಳಿಗೂ ಹಿಗ್ಗಿಸಲಾಗದು. ಮಲಗಿ ಬಂದ ಚಪ್ಪಟೆತನ ಮೆದುಳನ್ನು ಅದುಮುವುದಿಲ್ಲವೆಂದು ವೈದ್ಯರು ಸ್ಪಷ್ಟಪಡಿಸಿದ್ದರು. ತಂಗಿ ತನ್ನ ಬಳೆ ಮಾರಲು ಸಿದ್ಧಳಿದ್ದಳು. ಅಗತ್ಯವೆಂದು ತೀರ್ಮಾನವಾದರೆ ಅದು ಬಡ್ಡಿಗಿಂತ ನೂರು ಪಾಲು ಮೇಲು.

ಮಾಡದಿರುವುದೂ ಒಂದು ತೀರ್ಮಾನ

ಸುಮ್ಮನಿರುವುದೇ ಸುರಕ್ಷಿತ, ಹಾಗಿದ್ದರೆ ತಪ್ಪು ನಮ್ಮ ಮೇಲೆ ಬರುವುದಿಲ್ಲ ಎಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಈ ಚಿಕಿತ್ಸೆಗೆ ಕಾಲ ಸೀಮಿತ. ಐದಾರು ತಿಂಗಳ ಬಾಗಿಲು ವರ್ಷವಾಗುವಾಗ ಮುಚ್ಚಿಕೊಳ್ಳುತ್ತದೆ. ನೋಡೋಣ ನೋಡೋಣ ಎನ್ನುತ್ತಾ ದಿನ ಕಳೆದವನು ತೀರ್ಮಾನಿಸದೆ ಇದ್ದವನಲ್ಲ. ಹಾಕಿಸಬಾರದೆಂದು ಯೋಚಿಸದೆಯೇ ತೀರ್ಮಾನಿಸಿದವನು. ಪ್ರತಿಯೊಬ್ಬನೂ ಕುರುಬನಂತೆ, ತನ್ನ ವಶದಲ್ಲಿರುವವರ ಕುರಿತು ವಿಚಾರಿಸಲ್ಪಡುವನು ಎಂಬ ಪ್ರವಾದಿ ಬೋಧನೆಯಲ್ಲಿ, ಮಾಡಿದ್ದಕ್ಕೆ ಮಾತ್ರ ವಿಚಾರಣೆ ಎಂಬ ಷರತ್ತಿಲ್ಲ.

ಹಾಗೆಂದು ಮುಂದೆ ಪಶ್ಚಾತ್ತಾಪವಾದೀತೆಂಬ ಭಯದಿಂದ ಸಿಕ್ಕಿದ್ದನ್ನೆಲ್ಲ ಮಾಡಿಸುವುದೂ ವಿವೇಕವಲ್ಲ. "ನಾಳೆ ಮಗಳು ಕೇಳಿದರೆ ಏನು ಹೇಳಲಿ?" ಎಂದು ತಂಗಿ ಅಳುತ್ತಾ ಕೇಳಿದ್ದಳು. ನಾನು ಈ ಬಾರಿ ಆತುರಪಡಲಿಲ್ಲ. ಮರುದಿನ ಹೇಳಿದೆ: ಬೆಳೆದು ದೊಡ್ಡವಳಾದ ನ್ಯಾಯವಂತೆ ಮಗಳು ನಿನ್ನನ್ನು ಹೆಲ್ಮೆಟ್ ಯಾಕೆ ಹಾಕಿಸಲಿಲ್ಲ ಅಥವಾ ಯಾಕೆ ಹಾಕಿಸಿದೆ ಎಂದು ದೂರಲಾರಳು. ನನ್ನನ್ನು ಸರಿಯಾಗಿ ನೋಡಿದಿರಾ, ತಿಳಿದವರನ್ನು ಕೇಳಿದಿರಾ, ನನಗಾಗಿ ಯೋಚಿಸಿದಿರಾ ಎಂದು ಮಾತ್ರ ಕೇಳಿಯಾಳು. ಆ ಪ್ರಶ್ನೆಗೆ ಉತ್ತರ ಸಿದ್ಧವಿದ್ದರೆ ಸಾಕು.

ತಂಗಿಯ ತೀರ್ಮಾನ

ತಂಗಿ ಒಂದು ವಿಷಯವನ್ನು ಮೊದಲಿನಿಂದಲೂ ಹೇಳುತ್ತಿದ್ದಳು. ಮಗು ಯಾವಾಗಲೂ ಬಲಕ್ಕೇ ನೋಡುತ್ತದೆ. ಎಡಗಡೆ ನಿಂತು ಕರೆದರೆ ಮೈಯನ್ನೇ ತಿರುಗಿಸುತ್ತದೆ, ಕುತ್ತಿಗೆ ತಿರುಗಿಸುವುದಿಲ್ಲ. ಯಾರೂ ಕಿವಿಗೊಟ್ಟಿರಲಿಲ್ಲ. ಎರಡನೆಯ ವೈದ್ಯರು ಕಿವಿಗೊಟ್ಟರು. ಕುತ್ತಿಗೆಯ ಎಡಬದಿಯ ಸ್ನಾಯು ಬಿಗಿದಿರುವುದು ಪತ್ತೆಯಾಯಿತು. ಬುರುಡೆಯ ಸಂದುಗಳು ಸರಿಯಾಗಿಯೇ ಇದ್ದವು. ಚಪ್ಪಟೆತನ ಸಾಧಾರಣ ಮಟ್ಟದ್ದೆಂದು ಅಳೆದು ಹೇಳಿದರು. ಫಿಸಿಯೋಥೆರಪಿಯವರು ಕುತ್ತಿಗೆಯ ವ್ಯಾಯಾಮ ಕಲಿಸಿಕೊಟ್ಟರು. ಮಗುವಿನ ಹಾಸಿಗೆಯ ದಿಕ್ಕು ಬದಲಿಸಿ, ಬಾಗಿಲು ಎಡಕ್ಕೆ ಬರುವಂತೆ ಮಾಡಿದರು. ಎಚ್ಚರವಿದ್ದಾಗಲೆಲ್ಲ ಹೊಟ್ಟೆಯ ಮೇಲೆ ಆಟ. ಆರು ವಾರ ಬಿಟ್ಟು ಮತ್ತೆ ಅಳೆದು, ಸುಧಾರಿಸದಿದ್ದರೆ ಹೆಲ್ಮೆಟ್ ಎಂದು ನಿಶ್ಚಯಿಸಿ ಬಳೆಯನ್ನು ಬೇರೆ ತೆಗೆದಿಟ್ಟರು. ಆರು ವಾರದ ಬಳಿಕ ಅಳತೆ ಸ್ವಲ್ಪ ಉತ್ತಮವಾಗಿತ್ತು. ಅವರು ಹೆಲ್ಮೆಟ್ ಹಾಕಿಸಲಿಲ್ಲ.

ಈಗ ಮಗುವಿಗೆ ಮೂರು ವರ್ಷ ದಾಟಿದೆ. ಕೈಯಿಟ್ಟು ನೋಡಿದರೆ ಬಲಬದಿಯಲ್ಲಿ ಸ್ವಲ್ಪ ಚಪ್ಪಟೆ ಇಂದಿಗೂ ಇದೆ. ಪೂರ್ಣ ಗುಂಡಗಾಯಿತು ಎಂದು ಬರೆದು ನಿಮ್ಮನ್ನು ನಂಬಿಸಲಾರೆ.

ಇನ್ನೊಂದು ಕಡೆಯನ್ನೂ ಹೇಳಬೇಕು. ನನ್ನೊಂದಿಗೆ ಬಿ.ಎ. ಓದಿದ ಗೆಳೆಯನೊಬ್ಬನ ಮಗನ ತಲೆ ತೀವ್ರವಾಗಿ ಓರೆಯಾಗಿತ್ತು. ಹಣೆಯ ಒಂದು ಬದಿ ಮುಂದೆ ಬಂದಿತ್ತು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿಯೂ ಬದಲಾಗಲಿಲ್ಲ. ಅವರು ನಾಲ್ಕೂವರೆ ತಿಂಗಳು ಹೆಲ್ಮೆಟ್ ಹಾಕಿಸಿದರು. ಬಸ್ಸಿನಲ್ಲಿ ಕೂತವರೆಲ್ಲ "ಏನಾಯ್ತು, ಮಗು ಬಿದ್ದಿತ್ತಾ?" ಎಂದು ಕೇಳುತ್ತಿದ್ದರಂತೆ. "ಮೊದಲ ವಾರ ಹೆಲ್ಮೆಟ್ ಮೇಲೆ ಟೋಪಿ ಹಾಕ್ತಿದ್ದೆ ಕಣೋ. ಮಗನಿಗೆ ಸೆಖೆ, ನನಗೆ ನಾಚಿಕೆ. ಆಮೇಲೆ ಟೋಪಿ ತೆಗೆದುಬಿಟ್ಟೆ" ಎಂದು ಅವನು ಹೇಳಿದ. ಟೋಪಿ ತೆಗೆದ ದಿನ ಅವನು ಮಗನ ಪರ ನಿಂತ ಎಂದು ನನಗೆ ತೋರುತ್ತದೆ. ಆ ಮಗುವಿನ ತಲೆ ಬಹಳಷ್ಟು ಸರಿಯಾಗಿದೆ. ತಂಗಿ ಮಾಡಿದ್ದೂ ಸರಿ, ಗೆಳೆಯ ಮಾಡಿದ್ದೂ ಸರಿ. ಒಬ್ಬರ ತೀರ್ಮಾನವನ್ನು ಇನ್ನೊಬ್ಬರ ಮೇಲೆ ಹೇರಿದ್ದರೆ ಎರಡೂ ತಪ್ಪಾಗುತ್ತಿತ್ತು.

ಸಹೋದರ ಸಹೋದರಿಯರೇ, ಬಂಧುಗಳಾದ ನಮಗೂ ಇಲ್ಲಿ ಕರ್ತವ್ಯವಿದೆ. ಮಗು ನೋಡಲು ಹೋದಾಗ ತಲೆಯ ಬಗ್ಗೆ, ಬಣ್ಣದ ಬಗ್ಗೆ ತೀರ್ಪು ಕೊಡದಿರೋಣ. ಮಲಗಿಸಿದ್ದು ಸರಿಯಿಲ್ಲವೆಂದು ಹೆತ್ತವಳ ಮೇಲೆ ಅಪರಾಧ ಹೊರಿಸದಿರೋಣ. ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ಮೂರು ವಾರ ಕಾದ ತಾಯಿಗೆ ನಮ್ಮ ಉಪದೇಶಕ್ಕಿಂತ, ಆಸ್ಪತ್ರೆಗೆ ಜೊತೆಗೆ ಬರುವ ಒಬ್ಬರು ಹೆಚ್ಚು ಬೇಕು. ನನ್ನಂತೆ ಧರ್ಮ ಕಲಿಸುವವರು ಸಬರ್ ಎಂಬ ಪದವನ್ನು ಬಳಸುವ ಮೊದಲು ಮಗುವನ್ನು ಒಮ್ಮೆ ಎತ್ತಿಕೊಂಡು ನೋಡಲಿ. ವಿಚಾರಿಸಿ, ಸಮಾಲೋಚಿಸಿ, ಇಸ್ತಿಖಾರಾ ಮಾಡಿ, ಕೈಲಾದದ್ದನ್ನು ಮಾಡಿದ ಮೇಲೆ ಉಳಿಯುವ ಕೊರತೆಯ ಮೇಲಿನ ಸಹನೆಯೇ ನಿಜವಾದ ಸಬರ್. ತಂಗಿಯ ಪ್ರಶ್ನೆಗೆ ನಾನು ತಡವಾಗಿ ಕಂಡುಕೊಂಡ ಉತ್ತರ ಇದು.

ಕಳೆದ ಈದ್‌ನಂದು ಆ ಮಗು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿತ್ತು. ನನ್ನ ಕೈ ತಾನಾಗಿ ಅದರ ತಲೆಯ ಬಲಬದಿಗೆ ಹೋಯಿತು. ನೋಡುತ್ತಿದ್ದ ತಂಗಿ, "ಎಡಕ್ಕೂ ತಿರುಗುತ್ತಾಳೆ ಭಾಯಿಜಾನ್, ಈಗ ಎರಡೂ ಕಡೆ ನೋಡುತ್ತಾಳೆ" ಎಂದಳು. ನಮ್ಮ ಕೈಗೆ ಒಪ್ಪಿಸಲಾದ ಅಮಾನತ್ತುಗಳನ್ನು ಜನರ ಕಣ್ಣಿನಿಂದಲ್ಲ, ಕರುಣಾಮಯಿಯಾದ ಅಲ್ಲಾಹನಿಗೆ ಉತ್ತರ ಕೊಡಬೇಕಾದವರ ಕಣ್ಣಿನಿಂದ ನೋಡುವ ಸದ್ಬುದ್ಧಿಯನ್ನು ಅವನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.